ಎಡೆಗೊಂದು ಸುಟ್ಟ ತೆನೆ

ಈ ವರ್ಷ ಮಳೆಗಾಲ ಪೂರ್ತಿ ನಾನು ಶಿಗ್ಗಾಂವಿಯ ಬಸ್ ನಿಲ್ದಾಣ ಹತ್ತಿರ ಬಂತೆಂದರೆ ಕಿಟಕಿಯ ಗಾಜು ಎಳೆದು ಮುಚ್ಚಿಬಿಡುತ್ತಿದ್ದೆ. ಪಕ್ಕದಲ್ಲಿ ಕೂತವರು ಸುಮ್ಮನಿರುತ್ತಿರಲಿಲ್ಲ. "ಮಳೀನ ಇಲ್ಲಲ್ರಿ ಅಕ್ಕಾರ, ಯಾಕ ಮುಚ್ಚಾಕತ್ತೀರಿ? ಉಸಿರು ಕಟ್ಟತೈತಿ" ಎಂದು ಗೊಣಗುತ್ತಿದ್ದರು. "ನೆಗಡಿ ಆಗೇತ್ರಿ" ಎಂದು ನಾನು ಸುಳ್ಳು ಹೇಳುತ್ತಿದ್ದೆ. ಪಕ್ಕದ ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ, ಐವತ್ತು ದಾಟಿದ ಹೆಂಗಸು ಸುಟ್ಟ ಗೋವಿನಜೋಳದ ತೆನೆಯ ವಾಸನೆಗೆ ಹೆದರುತ್ತಾಳೆ ಎಂದು ಬಸ್ಸಿನಲ್ಲಿ ಹೇಳಿಕೊಳ್ಳುವುದಾದರೂ ಹೇಗೆ?

ಆ ವಾಸನೆಯನ್ನು ನೀವು ಬಲ್ಲಿರಿ. ಅದು ಒಂದು ವಾಸನೆಯಲ್ಲ, ಒಂದರ ಬೆನ್ನಿಗೊಂದು ಬರುತ್ತವೆ. ಹಸಿ ತೆನೆ ಇದ್ದಲಿಯ ಮೇಲೆ ಬಿದ್ದ ಕೂಡಲೇ ಹಾಲು ಕಾಯಿಸಿದ ಹಾಗಿನ ಒಂದು ಸಿಹಿ ವಾಸನೆ. ಬೀಸಣಿಗೆ ಪಟಪಟ ಬೀಸಿದ ಮೇಲೆ ಕಾಳಿನ ಸಿಪ್ಪೆ ಸುಡುವ ವಾಸನೆ. ಕಡೆಗೆ ಅರ್ಧ ಹೋಳು ನಿಂಬೆಹಣ್ಣನ್ನು ಉಪ್ಪು ಖಾರದಲ್ಲಿ ಅದ್ದಿ ತೆನೆಯ ಮೈಗೆಲ್ಲ ತಿಕ್ಕಿದಾಗ ಮೂಗಿನ ತುದಿ ಚುರ್ರೆನ್ನುವ ಮತ್ತೊಂದು. ಊರಿನವರಿಗೆಲ್ಲ ಬಾಯಲ್ಲಿ ನೀರು ಬರುವುದು ಈ ಕಡೆಯದಕ್ಕೆ. ನನಗೆ ಮಾತ್ರ ಈ ವರ್ಷ ಕಣ್ಣಲ್ಲಿ ಬರುತ್ತಿತ್ತು, ಖಾರದ ಮೇಲೆ ಹಾಕಿ ಪಾರಾಗುತ್ತಿದ್ದೆ.

ನಮ್ಮವರು ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಶಿಗ್ಗಾಂವಿಯಲ್ಲಿ ಬೋರ್‌ವೆಲ್ಲಿನ ಮೋಟಾರು ರಿಪೇರಿ ಮಾಡುವ ಅಂಗಡಿ ಅವರದು. ಮಧ್ಯಾಹ್ನ ಯಾವುದೋ ಮೋಟಾರಿಗೆ ತಂತಿ ಸುತ್ತುತ್ತ ಕೂತಿದ್ದವರು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದರಂತೆ. ನಾನು ಶಾಲೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಸರು ಗುರುಪಾದಪ್ಪ. ನಮ್ಮ ಕಡೆ ಗಂಡನ ಹೆಸರನ್ನು ಬಾಯಿಂದ ಹೇಳಬಾರದು. ಬರೆಯಬಹುದೋ ಬಾರದೋ ಎಂದು ಯಾರೂ ಹೇಳಿಕೊಟ್ಟಿಲ್ಲವಾದ್ದರಿಂದ ಆ ಸೌಲಭ್ಯವನ್ನು ನಾನೇ ಮಾಡಿಕೊಂಡಿದ್ದೇನೆ. ಬರೆದಾಗ ಒಂದಿಷ್ಟು ಹತ್ತಿರ ಬಂದಂತಾಗುತ್ತದೆ.

ನಮಗೆ ಮಕ್ಕಳಾಗಲಿಲ್ಲ. ಉಳಿದ ಮನೆಗಳಲ್ಲಿ ಗಂಡ ಹೆಂಡತಿ ಮಕ್ಕಳ ಓದು, ಮಕ್ಕಳ ಮದುವೆ ಎಂದು ಜಗಳಾಡುತ್ತಾರೆ. ನಮಗೆ ಜಗಳಕ್ಕೆ ಬೇರೆ ವಿಷಯ ಸಾಲದೆ ಬಂದದ್ದರಿಂದ ತೆನೆಯನ್ನೇ ಹಿಡಿದುಕೊಂಡಿದ್ದೆವು. ನನಗೆ ಎಳೆಯ ತೆನೆ ಬೇಕು, ಉಗುರು ಊರಿದರೆ ಹಾಲು ಚಿಮ್ಮುವಂಥದ್ದು, ಮೇಲೆ ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ಬಿದ್ದರೆ ಸಾಕು. ಅವರಿಗೆ ಬಲಿತದ್ದು ಬೇಕು, ಅದೂ ಕರ್ರಗೆ ಸುಟ್ಟಿರಬೇಕು. ಮಾರುವವರು ಬೆಂಕಿಯಿಂದ ತೆಗೆಯಲು ಹೋದರೆ "ಇನ್ನ ಬಿಡ್ರಿ, ಇನ್ನ ಬಿಡ್ರಿ" ಎಂದು ಕೈ ಅಡ್ಡ ಹಿಡಿಯುತ್ತಿದ್ದರು. "ಇದ್ದಲಿ ತಿನ್ನೂದ ಇದ್ದರ ಅಲ್ಲೇ ಚೀಲದಾಗ ಐತಲ್ರಿ, ತೆನಿ ಯಾಕ ಬೇಕು?" ಎಂದು ನಾನು. "ಸುಟ್ಟ ತೆನಿ ಅಂದ ಮ್ಯಾಲ ಸುಟ್ಟಿರಬೇಕ ನೀಲಾ, ಬಿಸಲಿಗೆ ಇಟ್ಟು ಬೆಚ್ಚಗ ಮಾಡಿದಂಗ ಇರಬಾರದು" ಎಂದು ಅವರು. ತಿಂದ ಮೇಲೆ ತುಟಿ, ಮೀಸೆ, ಬೆರಳು ಎಲ್ಲ ಕರಿ. ಹೇಗೂ ದಿನವಿಡೀ ಮೋಟಾರಿನ ಗ್ರೀಸು ಮೆತ್ತಿದ ಕೈ, ಅದರ ಮೇಲೆ ಇದೊಂದು ಹೆಚ್ಚೇನಲ್ಲ ಎಂಬುದು ಅವರ ಸಮಾಧಾನ.

ನನ್ನ ತವರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. ಬೈಕಿನಲ್ಲಿ ಹೊರಟರೆ ಒಂದೇ ಉಸಿರಿಗೆ ಊರು ಮುಟ್ಟಿದ್ದು ನೆನಪಿಲ್ಲ. ಹಾನಗಲ್ಲಿನಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸುವ ಜಾಗದಲ್ಲಿ ಒಂದು ತಳ್ಳುಗಾಡಿ ನಿಂತಿರುತ್ತಿತ್ತು, ಅಲ್ಲೊಂದು ನಿಲುಗಡೆ. ಅಷ್ಟು ಗಾಳಿಯಲ್ಲಿ ಬೀಸಣಿಗೆಯ ಕೆಲಸವೇ ಇಲ್ಲ, ಇದ್ದಲಿ ತಾನಾಗಿ ಕೆಂಡವಾಗಿ ತೆನೆ ನಮ್ಮವರ ಮನಸ್ಸಿಗೆ ಬಂದ ಹಾಗೆ ಸುಡುತ್ತಿತ್ತು. ಹಿರೇಕೆರೂರಿಗೆ ಯಾವುದಾದರೂ ಮದುವೆಗೆ ಹೋದರೆ ಊಟ ಮುಗಿಸಿ ಹೊರಗೆ ಬಂದವರೇ ತೆನೆ ಎಲ್ಲಿದೆ ಎಂದು ನೋಡುತ್ತಿದ್ದರು. ಐದಾರು ಹೋಳಿಗೆ ತಿಂದ ಹೊಟ್ಟೆಗೆ ತೆನೆ ಹೇಗೆ ಹಿಡಿಸುತ್ತದೆ ಎಂದು ಕೇಳಿದರೆ, ಅದಕ್ಕೆ ಬೇರೆ ಜಾಗ ಇದೆ ಎನ್ನುತ್ತಿದ್ದರು. ಸವಣೂರಿನದು ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕಡಲೆಹಿಟ್ಟಿನ ಕರಿದ ಖಾರ ಹೆಸರುವಾಸಿ. ಎಲ್ಲರೂ ಅದನ್ನು ಚುರುಮುರಿಗೆ ಕಲಸಿದರೆ ಇವರು ಸುಟ್ಟ ಕಾಳಿನ ಮೇಲೆ ಒಂದು ಹಿಡಿ ಉದುರಿಸಿ ತಿನ್ನುತ್ತಿದ್ದರು. ಇಂಥದ್ದನ್ನು ಸವಣೂರಿನ ನವಾಬರೂ ತಿಂದಿರಲಿಕ್ಕಿಲ್ಲ ಎಂದು ಜಂಬ ಬೇರೆ. ನವಾಬರ ಪುಣ್ಯ ಎಂದು ನಾನು ಹೇಳುತ್ತಿದ್ದೆ. ಹೇಳುತ್ತಲೇ ಕೈಯೊಡ್ಡುತ್ತಿದ್ದೆ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಪಾಠ ಮಾಡುವ ಚಟ ನನ್ನದು, ಒಂದು ಮಾತು ಸಹಿಸಿಕೊಳ್ಳಿ. ಈ ಬೆಳೆ ನಮ್ಮದಲ್ಲ, ಸಮುದ್ರ ದಾಟಿ ಬಂದದ್ದು. ಮೆಣಸಿನಕಾಯಿಯೂ ಹಾಗೇ ಬಂದದ್ದು. ಆದರೆ ಮೆಣಸಿನಕಾಯಿ ಬಂದ ದಿನವೇ ಎಂಬಂತೆ ಅಡುಗೆಮನೆಗೆ ನುಗ್ಗಿ ಒಡತಿಯಾಗಿ ಕೂತುಬಿಟ್ಟಿತು. ಗೋವಿನಜೋಳಕ್ಕೆ ಆ ಭಾಗ್ಯ ಬರಲಿಲ್ಲ. ಈಗ ಹಾನಗಲ್, ಹಿರೇಕೆರೂರು, ಶಿಗ್ಗಾಂವಿ ಯಾವ ರಸ್ತೆಗೆ ಹೋದರೂ ಎರಡೂ ಬದಿಗೆ ಅದೇ ನಿಂತಿರುತ್ತದೆ. ಅಷ್ಟೊಂದು ಬೆಳೆದರೂ ನಮ್ಮ ಮನೆಗಳಲ್ಲಿ ಅದರ ರೊಟ್ಟಿ ಬಡಿಯುವುದಿಲ್ಲ. ಜೋಳವೆಂದರೆ ಬಿಳಿಜೋಳ, ಅದು ಮನುಷ್ಯರದು. ಇದು ಲಾರಿ ಹತ್ತಿ ಕೋಳಿಯ ಮೇವಾಗಲು ಹೋಗುತ್ತದೆ. ಮಳೆಗಾಲದ ಕೆಲವು ವಾರ, ರಸ್ತೆಯ ಬದಿ, ಇದ್ದಲಿಯ ಮೇಲೆ ಮಾತ್ರ ಅದನ್ನು ನಾವು ನಮ್ಮದೆಂದು ಒಪ್ಪುತ್ತೇವೆ. ಅದೂ ಮನೆಯ ಹೊರಗೆ. ಈ ಕಟ್ಟಳೆ ಎಷ್ಟು ಗಟ್ಟಿ ಎಂಬುದು ನನಗೆ ತಿಳಿದದ್ದು ಮೊನ್ನೆ, ದಸರೆಗೆ ಮುಂಚಿನ ಮಾನಮಿ ಅಮಾಸೆಯ ದಿನ.

ಆ ಅಮಾಸೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರೆಲ್ಲ ಅಂದು ಮನೆಗೆ ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. ಮನೆಯೆಂದರೆ ಹಿರೇಬೆಂಡಿಗೇರಿಯ ಮನೆ. ಅಲ್ಲಿ ಅತ್ತೆ, ನಮ್ಮವರ ಅಣ್ಣ, ಅವರ ಹೆಂಡತಿ ಗಂಗಕ್ಕ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಈ ಸಲ ನಮ್ಮವರನ್ನು ಹಿರಿಯರ ಜೊತೆಗೆ ಕೂಡಿಸುವುದು ಎಂದು ಭಾವ ಫೋನಿನಲ್ಲಿ ಹೇಳಿದರು. ಆ ಮನೆಗೆಲ್ಲ ಕಡೆಯ ಕೂಸು ಇವರು. ಅಣ್ಣನಿಗಿಂತ ಮೊದಲೇ, ತಾಯಿಗಿಂತ ಮೊದಲೇ ಹೋಗಿ ಆ ಸಾಲಿನಲ್ಲಿ ಕೂತುಬಿಟ್ಟರಲ್ಲ ಎಂದು ಫೋನು ಇಟ್ಟ ಮೇಲೆ ಬಹಳ ಹೊತ್ತು ಅಳುತ್ತ ಕೂತೆ.

ಅಳು ಬಂದಾಗ ಅತ್ತುಬಿಡುವವಳು ನಾನು. ಅತ್ತೆ ಹಾಗಲ್ಲ. ಮಗನನ್ನು ಮಣ್ಣು ಮಾಡಿ ಬಂದ ದಿನದಿಂದ ಅವರು ಮಗನ ಸುದ್ದಿಯನ್ನೇ ಎತ್ತಿರಲಿಲ್ಲ. ನಾನು ಊರಿಗೆ ಹೋದರೆ "ಉಂಡೀಯೇನ?" ಎನ್ನುವರು, ಹೊರಟರೆ "ಬಸ್ಸು ಸಿಗತೈತೇನ?" ಎನ್ನುವರು. ನಡುವೆ ಮಾತಿಲ್ಲ. ನಾನೇ ಏನಾದರೂ ತೆಗೆದರೆ ಎದ್ದು ದನದ ಕೊಟ್ಟಿಗೆಗೆ ಹೋಗಿಬಿಡುವರು. ನಮ್ಮವರ ಬಗ್ಗೆ ನನ್ನಷ್ಟೇ ತಿಳಿದ ಇನ್ನೊಂದು ಜೀವ ಲೋಕದಲ್ಲಿ ಅದೊಂದೇ, ಆ ಜೀವವೂ ನನ್ನೊಡನೆ ಮಾತಾಡದಿದ್ದರೆ ನಾನು ಯಾರ ಹತ್ತಿರ ಹೋಗಲಿ ಎಂದು ಸಂಕಟವಾಗುತ್ತಿತ್ತು. ಸಿಟ್ಟೂ ಬರುತ್ತಿತ್ತು.

ಎಡೆಯಲ್ಲಿ ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ಹಪ್ಪಳ ಸಂಡಿಗೆ ಎಲ್ಲರಿಗೂ ಇದ್ದದ್ದೇ. ಅದರ ಜೊತೆಗೆ ಹೋದವರಿಗೆ ಏನು ಇಷ್ಟವೋ ಅದನ್ನೂ ಒಂದಿಷ್ಟು ಇಡುತ್ತಾರೆ. ನಮ್ಮ ಮಾವನವರಿಗೆ ಪ್ರತಿ ವರ್ಷ ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಬೆಂಕಿಪೆಟ್ಟಿಗೆ. ನಮ್ಮವರಿಗೆ ಏನಿಡಬೇಕು ಎಂದು ಭಾವ ಕೇಳಿದಾಗ ನಾನು ಯೋಚಿಸಲೇ ಇಲ್ಲ. ಕರ್ರಗೆ ಸುಟ್ಟ ಒಂದು ತೆನೆ. ಆ ಎಲೆಯ ಮೇಲೆ ಅದೊಂದಿರಬೇಕು, ಇಲ್ಲದಿದ್ದರೆ ಬಂದವರು ನಮ್ಮವರೇ ಎಂದು ನನಗೆ ಅನ್ನಿಸುವುದಿಲ್ಲ. ಹಟವೆಂದರೆ ಹಟ. ಹೋದವರಿಗಾಗಿ ಮಾಡಲು ಉಳಿದದ್ದು ಅಷ್ಟೇ ಇದ್ದಾಗ ಅಷ್ಟರ ಮೇಲೆ ಹಟ ಹುಟ್ಟುತ್ತದೆ.

ಆದರೆ ಅಮಾಸೆಯ ಹೊತ್ತಿಗೆ ಹಸಿ ತೆನೆ ಎಲ್ಲಿ? ಹೊಲದಲ್ಲಿ ನಿಂತದ್ದೆಲ್ಲ ಒಣಗಿ ರಾಶಿಗೆ ಬಂದಿತ್ತು. ಶಿಗ್ಗಾಂವಿಯ ತಳ್ಳುಗಾಡಿಗಳು ಶೇಂಗಾಕ್ಕೆ ತಿರುಗಿದ್ದವು. ಇಡೀ ಮಳೆಗಾಲ ಮೂಗು ಮುಚ್ಚಿಕೊಂಡು ಓಡಾಡಿದವಳು ಈಗ ಆ ವಾಸನೆಯನ್ನೇ ಹುಡುಕಿಕೊಂಡು ಹೊರಟೆ. ಎಡೆಗೆ ವೀಳ್ಯದೆಲೆ ತರಬೇಕಿತ್ತು, ಎಲೆಗೆ ಸವಣೂರೇ ಸರಿ ಎಂದು ಅಮಾಸೆಯ ಬೆಳಿಗ್ಗೆ ಅಲ್ಲಿಗೆ ಹೋದೆ. ಎಲೆ ಕೊಂಡು ಬಸ್ಸಿಗೆ ಬರುವಾಗ ಗೋಡೆಯ ಮಗ್ಗುಲಲ್ಲಿ ಒಬ್ಬ ಹೆಂಗಸು ತೆನೆಯ ಪುಟ್ಟಿ, ಇದ್ದಲಿಯ ಒಲೆ ಮುಂದಿಟ್ಟುಕೊಂಡು ಕೂತಿದ್ದಳು. ನೀರಾವರಿ ಹೊಲದ ಕಡೆಯ ತೆನೆಗಳಂತೆ, ಸಣ್ಣವು, ತುದಿಯಲ್ಲಿ ಕಾಳೇ ಕಟ್ಟಿರಲಿಲ್ಲ. ಪುಟ್ಟಿಯನ್ನೆಲ್ಲ ಕೆದಕಿ ಇದ್ದುದರಲ್ಲಿ ಬಲಿತದ್ದೊಂದು ಆರಿಸಿದೆ. ಆಕೆ ತಿರುಗಿಸಿ ತಿರುಗಿಸಿ ಹದವಾಗಿ ಸುಟ್ಟು ತೆಗೆಯಲು ಹೋದಳು.

"ಇನ್ನ ಬಿಡವ್ವಾ, ಕರ್ರಗ ಆಗಲಿ" ಎಂದೆ.

"ಇದಕ್ಕಿಂತ ಕರ್ರಗ ಯಾರ ತಿಂತಾರ್ರಿ ಬಾಯಾರ?"

"ನಮ್ಮ ಮನಿಯವರು ತಿಂತಾರ" ಎಂದೆ.

ಉಪ್ಪು ಖಾರ ಹಚ್ಚಲೇ ಎಂದು ಕೇಳಿದ್ದಕ್ಕೆ ಹೂಂ ಎಂದು ತಲೆಯಾಡಿಸಿದೆ. ಆಕೆ ತೆನೆಯ ಹಸಿರು ಸಿಪ್ಪೆಯಲ್ಲೇ ಅದನ್ನು ಸುತ್ತಿ ಕೊಟ್ಟಳು. ವೀಳ್ಯದೆಲೆಯ ಪಕ್ಕದಲ್ಲಿ ಚೀಲದೊಳಗಿಟ್ಟುಕೊಂಡು ಬಸ್ಸು ಬದಲಿಸಿ ಹಿರೇಬೆಂಡಿಗೇರಿ ಮುಟ್ಟಿದೆ. ದಾರಿಯುದ್ದಕ್ಕೂ ಚೀಲದ ಮೇಲೆ ಕೈಯಿಟ್ಟು ಬಿಸಿ ಇದೆಯೇ ಎಂದು ನೋಡಿದ್ದೇ ನೋಡಿದ್ದು. ಅರ್ಧ ದಾರಿಗೆ ಆರಿಹೋಯಿತು. ಆರಿದ ತೆನೆ ಚರ್ಮದ ಹಾಗೆ ಜಿಗಟು, ಅದನ್ನು ಯಾರೂ ಬಯಸಿ ತಿನ್ನುವುದಿಲ್ಲ. ಆದರೂ ಇರಲಿ ಎಂದುಕೊಂಡೆ.

ಅಡುಗೆಮನೆಯಲ್ಲಿ ತೆನೆ ಹೊರತೆಗೆದಾಗ ಗಂಗಕ್ಕ ಹೋಳಿಗೆ ಲಟ್ಟಿಸುವುದನ್ನು ಬಿಟ್ಟು ನೋಡಿದಳು. ಅತ್ತೆಯೂ ನೋಡಿದರು.

"ಎಡಿಗಿ ಗೋವಿನಜೋಳ ಇಡತಾರೇನ ನೀಲವ್ವಾ? ಅದು ದನದ ಕಾಳು" ಎಂದರು ಅತ್ತೆ.

"ಅವರಿಗೆ ಭಾಳ ಸೇರತಿತ್ತರಿ ಅತ್ತಿ."

"ಸೇರಲಿ. ಸುಟ್ಟದ್ದು ಎಡಿಗಿ ಬರೂದಿಲ್ಲ. ಬೇಯಿಸಿದ್ದು ಬರತೈತಿ, ಕರದದ್ದು ಬರತೈತಿ."

"ಮಾವನವರಿಗೆ ಬೀಡಿ ಇಡತೀರಲ್ರಿ" ಎಂದೆ. ವಾದದಲ್ಲಿ ಗೆದ್ದೆ ಎಂದೇ ನನ್ನ ಎಣಿಕೆ.

"ಬೀಡಿ ಹಚ್ಚಿ ಇಡತೇವೇನ? ಹಂಗ ಇಡತೇವಿ. ಬಂದಾಗ ಅವರ ಹಚ್ಚಿಕೊಂತಾರ."

"ಹಂಗಾರ ಹಸಿ ತೆನಿ ಇಡ್ರಿ, ಗುರಪಾದ ಬಂದು ಸುಟ್ಟುಕೊಳ್ಳಲಿ" ಎಂದಳು ಗಂಗಕ್ಕ. ಚೇಷ್ಟೆಗಲ್ಲ, ದಾರಿ ಹುಡುಕಲೆಂದೇ ಹೇಳಿದ್ದು. ಊರಿನ ಮೋಟಾರುಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ ಮನುಷ್ಯ ಮನೆಯಲ್ಲಿ ಒಂದು ದಿನ ಒಲೆ ಹೊತ್ತಿಸಿದವರಲ್ಲ. ಅವರು ಬಂದು ತೆನೆ ಸುಟ್ಟುಕೊಳ್ಳುವುದನ್ನು ನೆನೆಸಿಕೊಂಡು ಆ ಸಂಕಟದಲ್ಲೂ ನನಗೆ ನಗು ಬಂತು. ಮರುಕ್ಷಣ ಅತ್ತೆ ತೆನೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನೀರಿನಲ್ಲಿ ಮಸಿ ತೊಳೆದು, "ಕಾಳು ಬಿಡಿಸಿ ಉಸುಳಿ ಮಾಡತೇನಿ, ಕೊಬ್ಬರಿ ಹಾಕಿ" ಎಂದಾಗ ನಗು ನಿಂತುಹೋಯಿತು. ಉಸುಳಿ ಎಂದರೆ ನಮ್ಮವರು ಮುಖ ಕಿವಿಚುತ್ತಿದ್ದರು. ಜ್ವರ ಬಂದವರ ತಿಂಡಿ ಎನ್ನುತ್ತಿದ್ದರು. ಮಸಿ ಹರಿದು ಬಚ್ಚಲಿಗೆ ಹೋಗುವುದನ್ನು ನೋಡುತ್ತ ನಿಂತೆ. ಮಗ ಏನು ತಿನ್ನುತ್ತಿದ್ದ ಎಂಬುದೂ ಈ ತಾಯಿಗೆ ಬೇಡವೇ ಎಂದುಕೊಂಡೆ.

ಅತ್ತೆ ಕಂಬಕ್ಕೆ ಒರಗಿ ಕೂತು ಮಡಿಲಲ್ಲಿ ತಾಟು ಇಟ್ಟುಕೊಂಡರು. ಮೊದಲು ಒಂದು ಸಾಲನ್ನು ಬುಡದಿಂದ ತುದಿಯವರೆಗೆ ಉಗುರಿನಿಂದ ಒಂದೊಂದೇ ಕಾಳು ಎಬ್ಬಿಸಿ ಖಾಲಿ ಮಾಡಿದರು. ಹೀಗೆ ಜಾಗವಾದ ಮೇಲೆ ಪಕ್ಕದ ಸಾಲಿನ ಮೇಲೆ ಹೆಬ್ಬೆರಳು ಇಟ್ಟು ಖಾಲಿ ಜಾಗದ ಕಡೆಗೆ ಮಲಗಿಸಿದರು. ಕಾಳು ಒಂದೂ ಒಡೆಯದೆ, ಬುಡದ ಬಿಳಿ ತುದಿಯ ಸಮೇತ ಕಳಚಿ ಬಂತು. ಬಿದ್ದದ್ದನ್ನು ತಾಟಿಗೆ ಹಾಕುವ ಬದಲು ಅಂಗೈಯಲ್ಲಿ ಹಿಡಿದುಕೊಂಡರು. ಅಂಗೈ ತುಂಬಿತು. ತುಂಬಿದ ಅಂಗೈಯನ್ನು ಅವರು ಅರಿವಿಲ್ಲದೆ ನನ್ನ ಕಡೆಗೆ ಚಾಚಿದರು.

ನಮ್ಮವರು ತೆನೆಯನ್ನು ಎಂದೂ ಕಚ್ಚಿ ತಿಂದವರಲ್ಲ. ಹೀಗೇ ಒಂದು ಸಾಲು ಖಾಲಿ ಮಾಡಿ, ಹೀಗೇ ಹೆಬ್ಬೆರಳಿನಿಂದ ಮಲಗಿಸಿ, ಅಂಗೈ ತುಂಬಿದ ಮೇಲೆ ಮೊದಲು ನನಗೆ ಚಾಚುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಬೀದಿಯಲ್ಲಿ, ಮಂದಿಯ ಎದುರು, ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಇಷ್ಟು ವರ್ಷ ಅದು ನನಗಾಗಿ ಅವರೇ ಕಂಡುಕೊಂಡ ಪ್ರೀತಿ ಎಂದು ತಿಳಿದುಕೊಂಡಿದ್ದೆ.

"ಅವರೂ ಹಿಂಗ ಬಿಡಸತಿದ್ದರಿ ಅತ್ತಿ" ಎಂದೆ.

ಅತ್ತೆಯ ಹೆಬ್ಬೆರಳು ನಿಂತಿತು. ಎದ್ದು ಕೊಟ್ಟಿಗೆಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ನಾನ ಕಲಿಸಿದ್ದು" ಎಂದರು. "ಬದುವಿನ ಮ್ಯಾಲ ದನಕ್ಕಂತ ನಾಕ ಗಿಡ ಹಾಕತಿದ್ವಿ. ದನಕ್ಕ ಹಾಕೂ ಮೊದಲ ಒಂದು ತೆನಿ ಮುರದು ಒಲಿಯಾಗ ಸುಡತಿದ್ದೆ. ಒಂದ ತೆನಿ, ಇಷ್ಟು ಹುಡುಗರು. ಕಚ್ಚಾಕ ಕೊಟ್ಟರ ದೊಡ್ಡವರ ಮುಗಿಸಿಬಿಡತಿದ್ದರು. ಅದಕ್ಕ ಬಿಡಿಸಿ ಅಂಗೈಯಾಗ ಹಾಕತಿದ್ದೆ. ಅಂವ ಸಣ್ಣಾಂವ, ತನ್ನ ಪಾಲು ತಿನ್ನದ ನನ್ನ ಬಾಯಿಗೆ ಹಿಡಿತಿದ್ದ. ನೀ ತಿನ್ನವ್ವ, ನೀ ತಿನ್ನವ್ವ ಅಂತಿದ್ದ."

ಇಷ್ಟು ಹೇಳಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಂದು ವರ್ಷದ ಅಳು ಸದ್ದಿಲ್ಲದೆ ಬಂತು. ನಾನು ಹತ್ತಿರ ಕೂತು ಅವರ ಮೊಣಕಾಲ ಮೇಲೆ ಕೈಯಿಟ್ಟೆ. ನಾನೂ ಅತ್ತುಬಿಟ್ಟೆ. ಗಂಗಕ್ಕ ಒಲೆಯ ಮೇಲಿನ ಹೋಳಿಗೆಯನ್ನು ಮರೆತಳು, ಅದು ಸೀದುಹೋಯಿತು.

ಬಹಳ ಹೊತ್ತಿನ ಮೇಲೆ ಅತ್ತೆ ಮೂಗು ಒರೆಸಿಕೊಂಡರು. ತೆನೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಕಾಳು ಉಳಿದಿತ್ತು. "ಉಸುಳಿ ಅಂವಗ ಸೇರತಿದ್ದಿಲ್ಲ" ಎಂದರು. ನನಗೆ ಹೇಳಿದ್ದಲ್ಲ. ಎದ್ದು ಒಲೆಯ ಹತ್ತಿರ ಹೋಗಿ, ಕೆಂಡ ಮುಂದಕ್ಕೆ ಎಳೆದು, ತೆನೆಯನ್ನು ಅದರ ಮೇಲಿಟ್ಟರು. ತೊಳೆದ ಮಸಿ ಮತ್ತೆ ಹತ್ತಿಕೊಂಡಿತು. "ಸುಟ್ಟದ್ದು ಬರೂದಿಲ್ಲ ಅಂದ್ರಿ?" ಎಂದಳು ಗಂಗಕ್ಕ ಮೆಲ್ಲಗೆ. "ನನ್ನ ಮಗಗ ನಾ ಇಡತೇನಿ. ಏನಾಕ್ಕೈತೋ ಆಗಲಿ" ಎಂದರು ಅತ್ತೆ.

ಎಡೆ ಸಿದ್ಧವಾಯಿತು. ದೇವರ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ಮಾವನವರ ಎಲೆಯ ಪಕ್ಕದಲ್ಲಿ ಬೀಡಿ ಕಟ್ಟು, ಕಡೆಯ ಎಲೆಯ ತುದಿಯಲ್ಲಿ ಹೋಳಿಗೆಯ ಮಗ್ಗುಲಿಗೆ ಕರ್ರಗೆ ಹೊಗೆಯಾಡುವ ತೆನೆ. ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆವು. ಹಿರಿಯರು ಉಣ್ಣುವಾಗ ನಾವು ನೋಡಬಾರದು. ಪಡಸಾಲೆಯಲ್ಲಿ ಸದ್ದು ಮಾಡದೆ ಕೂಡುವುದು, ಸ್ವಲ್ಪ ಹೊತ್ತು ಬಿಟ್ಟು ಮನೆಯ ಯಜಮಾನ ಒಂದು ಸಲ ಕೆಮ್ಮಿ ಬಾಗಿಲು ತೆಗೆಯುವುದು, ಆಮೇಲೆ ನಮ್ಮ ಊಟ. ಈ ಸ್ವಲ್ಪ ಹೊತ್ತು ಎಷ್ಟು ಎಂಬುದನ್ನು ಪ್ರತಿ ವರ್ಷ ಮನೆಯವರ ಹಸಿವೇ ತೀರ್ಮಾನಿಸುತ್ತದೆ. ಬೆಳಗಿನಿಂದ ಯಾರೂ ತಿಂದಿರಲಿಲ್ಲ. ಹುಡುಗರು ಹೋಳಿಗೆಯ ವಾಸನೆಗೆ ಒಬ್ಬರನ್ನೊಬ್ಬರು ತಿವಿಯತೊಡಗಿದ್ದರು. ಭಾವ ಎದ್ದು ನಿಂತು, ಧೋತರ ಸರಿಮಾಡಿಕೊಂಡು, ಕೆಮ್ಮಲು ಬಾಯಿ ತೆರೆದರು.

ಅತ್ತೆ ಕೂತಲ್ಲಿಂದಲೇ ಅವರ ಧೋತರದ ಚುಂಗು ಹಿಡಿದು ಎಳೆದರು.

"ಕುಂದ್ರೋ. ಇನ್ನ ತೆಗೀಬ್ಯಾಡ. ಅಂವ ಒಂದೊಂದ ಕಾಳು ಬಿಡಿಸಿ ತಿಂತಾನ, ಹೊತ್ತು ಹಿಡಿತೈತಿ."

ಭಾವ ಮತ್ತೆ ಕೂತರು. ಮುಚ್ಚಿದ ಬಾಗಿಲಿನ ಈಚೆಗೆ ನಾವೆಲ್ಲ ಹಸಿದುಕೊಂಡು ಕೂತೇ ಇದ್ದೆವು, ಯಾರೂ ಕೆಮ್ಮಲಿಲ್ಲ.